ಗದ್ದೆ ಹದಕ್ಕೆ ಬರುವ ತನಕ ರೋಟವೇಟರ್ ಇಳಿಸಬೇಡಿ

ಖಾನಾಪುರ ಕಡೆ ಭತ್ತ ಕೊಯ್ದ ಮೇಲೆ ಎಲ್ಲರಿಗೂ ಅವಸರ. ಟ್ರ್ಯಾಕ್ಟರ್ ಇವತ್ತು ಸಿಕ್ಕಿದೆ, ನಾಳೆ ಸಿಗುತ್ತೋ ಇಲ್ಲವೋ, ಹೊಡೆಸಿಬಿಡೋಣ ಅಂತ. ಮಸೂರ, ಕಡಲೆ ಬಿತ್ತಬೇಕು ಅಂದರೆ ನೆಲದ ಹಸಿ ಆರಬಾರದು, ನಿಜ. ಆದರೆ ಮೇಲೆ ಒಣಗಿದ ಹಾಗೆ ಕಂಡು, ನಾಲ್ಕು ಬೆರಳು ಕೆಳಗೆ ಇನ್ನೂ ರಾಡಿ ಇರುವ ಗದ್ದೆಗೆ ರೋಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವ ಟ್ರ್ಯಾಕ್ಟರ್ ಉಪಕರಣ) ಹಾಕಿದರೆ ಆಗುವ ಹಾನಿ ಹಿಂಗಾರಿ ಮುಗಿಯುವ ತನಕ ಹೋಗುವುದಿಲ್ಲ.

ಮಣ್ಣು ಅದೇ, ನೀರು ಬದಲಾದರೆ ಗುಣವೇ ಬೇರೆ. ಪೂರ್ತಿ ಒಣಗಿದ ಗದ್ದೆ ಕಲ್ಲಿನಷ್ಟು ಗಟ್ಟಿ. ರಂಟೆ ಹೊಡೆದರೆ ದೊಡ್ಡ ದೊಡ್ಡ ಹೆಂಟೆ ಏಳುತ್ತವೆ, ಡೀಸೆಲ್ ಸುಮ್ನೆ ಸುಡುತ್ತದೆ. ಸ್ವಲ್ಪ ಹಸಿ ಇದ್ದಾಗ ಹಿಚುಕಿದರೆ ಪುಡಿಯಾಗುತ್ತದೆ, ಅದೇ ಹದ. ನೀರು ಇನ್ನೂ ಜಾಸ್ತಿಯಾದರೆ ಪುಡಿಯಾಗದೆ ಒತ್ತಿದ ಆಕಾರಕ್ಕೆ ಬರುತ್ತದೆ, ಅದನ್ನೂ ದಾಟಿದರೆ ಹರಿಯುತ್ತದೆ. ಈ ಗಡಿಗಳನ್ನು ನೀರಿನ ಪ್ರಮಾಣದ ಮೇಲೆ ಗುರುತಿಸುವ ಕ್ರಮವನ್ನು 1911ರಲ್ಲಿ ಕೊಟ್ಟವರು ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್. ಲ್ಯಾಬ್‌ನಲ್ಲಿ ಇವತ್ತಿಗೂ ಮಾಡುವ ಆ ಪರೀಕ್ಷೆಯನ್ನು ಬದುವಿನ ಮೇಲೆ ನಿಂತೇ ಅಂದಾಜಿಗೆ ಮಾಡಬಹುದು. ಉಳುವಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಿರಿ, ಮೇಲಿನದು ಬೇಡ. ಅಂಗೈಯಲ್ಲಿ ಹೊಸೆಯಿರಿ. 3 ಮಿ.ಮೀ. ದಪ್ಪದ ಎಳೆ ಮುರಿಯದೆ ಬಂದರೆ ಇನ್ನೂ ಕಾಯಬೇಕು. ಅಷ್ಟು ತೆಳ್ಳಗಾಗುವ ಮೊದಲೇ ಬಿರುಕು ಬಿಟ್ಟು ತುಂಡಾದರೆ ಟ್ರ್ಯಾಕ್ಟರ್‌ಗೆ ಫೋನ್ ಮಾಡಿ. ಬೈಲಹೊಂಗಲ ಕಡೆಯ ಎರೆ ಹೊಲಗಳಲ್ಲಿ ಈ ಹದ ಸಿಗುವ ದಿನಗಳು ಇನ್ನೂ ಕಡಿಮೆ.

ಭತ್ತದ ನಾಟಿಗೆ ಮಾತ್ರ ಲೆಕ್ಕ ಉಲ್ಟಾ, ಅಲ್ವಾ? ಅಲ್ಲಿ ಬೇಕಂತಲೇ ನೀರು ನಿಲ್ಲಿಸಿ, ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಅನ್ನುವ ಕಬ್ಬಿಣದ ಪಟ್ಟಿಗಳ ಚಕ್ರ ಹಾಕಿ ಮಣ್ಣನ್ನು ಕಲಸುತ್ತೇವೆ. ಮಣ್ಣಿನ ಹರಳು ಒಡೆಯುತ್ತದೆ, ದೊಡ್ಡ ರಂಧ್ರಗಳು ಮುಚ್ಚುತ್ತವೆ, ನೀರು ಬೇಗ ಇಂಗುವುದಿಲ್ಲ. ವರ್ಷ ವರ್ಷ ಹೀಗೆ ಮಾಡಿದಾಗ, ಮೇಲೆ ಯಂತ್ರದ ಭಾರವೂ ಬಿದ್ದು, ಸುಮಾರು 15ರಿಂದ 25 ಸೆಂ.ಮೀ. ಆಳದಲ್ಲಿ ಒಂದು ಗಟ್ಟಿ ಪದರ ಕೂರುತ್ತದೆ. ಭತ್ತಕ್ಕೆ ಅದು ಒಳ್ಳೆಯದೇ, ನೀರು ಹಿಡಿದಿಡುತ್ತದೆ. ಕಡಲೆಯ ತಾಯಿ ಬೇರು ಕೆಳಗಿಳಿಯಬೇಕಲ್ಲ, ಅದಕ್ಕೆ ಇದೇ ಅಡ್ಡ. ಮಣ್ಣಿನ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಚುಚ್ಚಿ ನೋಡಿದಾಗ ಒತ್ತಡ ಸುಮಾರು 2 ಮೆಗಾಪಾಸ್ಕಲ್ ದಾಟಿದರೆ ಹೆಚ್ಚಿನ ಬೆಳೆಗಳ ಬೇರು ಬಹಳ ನಿಧಾನವಾಗುತ್ತದೆ. ಮಣ್ಣು ಆರಿದ ಹಾಗೆಲ್ಲ ಈ ಅಂಕಿ ಏರುತ್ತಲೇ ಹೋಗುತ್ತದೆ. ಬಿತ್ತುವಾಗ ಮೆತ್ತಗಿದ್ದ ನೆಲ ಕೆಲವು ವಾರಗಳಲ್ಲೇ ಬೇರನ್ನು ತಡೆಯುತ್ತದೆ, ಕೆಳಗೆ ಹಸಿ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಹಸಿಯಲ್ಲೇ ರೋಟವೇಟರ್ ಹೊಡೆದರೆ ಆ ಪದರದ ಮೇಲೆ ಇನ್ನೊಂದು ಪದರ ಮೆತ್ತಿದಂತೆ.

ಕೂರಿಗೆಯಿಂದ ಒಣ ಬಿತ್ತನೆ ಮಾಡುವ ಭತ್ತದ ಹೊಲಗಳಲ್ಲಿ ರಾಡಿ ಮಾಡುವುದೇ ಇಲ್ಲ. ಹಾಗಾಗಿ ಈ ತೊಂದರೆ ಕಡಿಮೆ. ಕಳೆ ಜಾಸ್ತಿ ಬರುತ್ತದೆ ಅನ್ನುವುದು ಬೇರೆ ಮಾತು.

ಹದ ಸಿಗುವ ಲಕ್ಷಣವೇ ಇಲ್ಲದಿದ್ದರೆ ಉಳುವುದನ್ನೇ ಬಿಡಿ ಅನ್ನುತ್ತೇನೆ. ಬಿಹಾರ, ಬಂಗಾಳದ ಕಡೆ ಕೊಯ್ಲಿಗೆ ಒಂದೆರಡು ವಾರ ಮೊದಲೇ ನಿಂತ ಭತ್ತದ ನಡುವೆ ಮಸೂರ ಚೆಲ್ಲುತ್ತಾರೆ. ಒಂದು ಮೂಲೆಯಲ್ಲಿ ನೀವೂ ಮಾಡಿ ನೋಡಿ.