ಮೂಳೆ ಮುರಿಯದ ಬೆನ್ನಿನ ಕೇಸು

ಮೂಳೆ ಮುರಿದವರ ಎಂವಿಸಿ (ಅಪಘಾತ ಪರಿಹಾರದ ಕೇಸು) ಫೈಲು ಬಂದರೆ ನಮ್ಮ ವಕೀಲರ ಆಫೀಸಿನಲ್ಲಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಕ್ಸ್‌-ರೇಯಲ್ಲಿ ಗೆರೆ ಕಾಣುತ್ತೆ, ಒಳಗೆ ಹಾಕಿದ ರಾಡ್ ಕಾಣುತ್ತೆ. ಕಷ್ಟ ಇರೋದು ಬೆನ್ನು, ಕುತ್ತಿಗೆ, ಸ್ನಾಯುವಿನ ಕೇಸುಗಳಲ್ಲಿ. ಮನುಷ್ಯನಿಗೆ ಬಗ್ಗೋಕೆ ಆಗಲ್ಲ, ರಾತ್ರಿ ಮಗ್ಗುಲು ಬದಲಿಸೋಕೆ ಆಗಲ್ಲ. ಫಿಲ್ಮಿನಲ್ಲಿ ಮಾತ್ರ ಏನೂ ಇರಲ್ಲ. ಇಂಥ ಕೇಸಿಗೆ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿಯವರು ಹೇಳುವ ಮೊತ್ತ ಕೇಳಿದರೆ ಹೊಟ್ಟೆ ಉರಿಯುತ್ತೆ.

ಹಾಗೆ ಹೊಟ್ಟೆ ಉರಿಸಿದ ಒಂದು ಕೇಸಿನ ವಿಷಯ ಬರೆಯುತ್ತೇನೆ. ಅರ್ಜಿದಾರರು ಮದುವೆ ಅಡುಗೆಯವರು, 43 ವರ್ಷ. ಭಟ್ಟರು ಅಂತಲೇ ಕರೆಯೋಣ. ತುಮಕೂರು ರಸ್ತೆಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಛತ್ರಕ್ಕೆ ಹೋಗುತ್ತಿದ್ದರು. ಮುಂದೆ ಟ್ರಾಫಿಕ್ ನಿಂತಿತ್ತು, ಇವರ ಕಾರೂ ನಿಂತಿತ್ತು. ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು. ಯಾರ ತಪ್ಪು ಅನ್ನೋದರಲ್ಲಿ ಜಗಳವೇ ಇರಲಿಲ್ಲ. ಚಾರ್ಜ್‌ಶೀಟ್, ಗಾಡಿ ತಪಾಸಣೆಯ ಐಎಂವಿ ರಿಪೋರ್ಟ್ ಎಲ್ಲ ನಮ್ಮ ಕಡೆಗೇ ಇದ್ದವು. ಜಗಳ ಇದ್ದದ್ದು ಬೆನ್ನಿನದು.

ಗಾಯದ ಬಗ್ಗೆ ಆಸ್ಪತ್ರೆ ಕೊಡುವ ವೂಂಡ್ ಸರ್ಟಿಫಿಕೇಟ್‌ನಲ್ಲಿ 'ಸಿಂಪಲ್' ಅಂತ ಬರೆದಿತ್ತು. ಈ ಒಂದು ಪದದ ಮೇಲೆ ನನಗೆ ಬಹಳ ದಿನದ ಸಿಟ್ಟು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ 15 ದಿನ ತೀವ್ರ ನೋವು ಇದ್ದರೆ, ಅಥವಾ ದಿನನಿತ್ಯದ ಕೆಲಸ ಮಾಡಲು ಆಗದಿದ್ದರೆ, ಅದೂ ಗ್ರೀವಿಯಸ್ಸೇ, ಅಂದರೆ ತೀವ್ರ ಗಾಯವೇ. ಹಳೆಯ ಐಪಿಸಿ 320ರಲ್ಲಿ 20 ದಿನ ಅಂತಿತ್ತು. ಆದರೆ ಕ್ಯಾಶುಯಾಲ್ಟಿಯಲ್ಲಿ ಮೊದಲ ದಿನವೇ ನೋಡಿದ ಡಾಕ್ಟರಿಗೆ 15 ದಿನದ ನೋವು ಹೇಗೆ ಗೊತ್ತಾಗಬೇಕು? ಮುರಿದಿಲ್ಲ, ಹಾಗಾಗಿ ಸಿಂಪಲ್. ಪೊಲೀಸರೂ ಅದನ್ನೇ ಎತ್ತಿ ಬರೆದುಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಯ 164ರಲ್ಲಿ ತಪ್ಪು ಯಾರದೆಂದು ಕೇಳದೆ ಗ್ರೀವಿಯಸ್ ಗಾಯಕ್ಕೆ ಎರಡೂವರೆ ಲಕ್ಷ ಕೊಡಬೇಕು ಅಂತಿದೆ. ಆ ಬಾಗಿಲು ಈ ಒಂದೇ ಪದದಿಂದ ಮುಚ್ಚಿಹೋಗುತ್ತೆ. ನಮಗೆ ಉಳಿಯೋದು 166ರ ದಾರಿ. ತಪ್ಪು, ನೋವು, ನಷ್ಟ, ಎಲ್ಲವನ್ನೂ ಸಾಬೀತು ಮಾಡಿಕೊಂಡೇ ಹೋಗಬೇಕು.

ಭಟ್ಟರ ಕ್ರಾಸ್ (ಎದುರು ವಕೀಲರ ಪಾಟೀಸವಾಲು) ದಿನ ಕೋರ್ಟಿನ ಕೇಸುಗಳ ಪಟ್ಟಿ ತುಂಬಿತ್ತು. ಎರಡು ಸಲ ನಮ್ಮ ಕೇಸು ಹಿಂದಕ್ಕೆ ಹೋಗಿ ಮಧ್ಯಾಹ್ನದ ಮೇಲೆ ಕರೆದರು. ಜಡ್ಜ್ ಸಾಹೇಬರು ಕುರ್ಚಿ ಕೊಡಿಸಿದರು. ಭಟ್ಟರು ಬೇಡ ಅಂದು ಕಟಕಟೆಯ ಕಂಬಿ ಹಿಡಿದು ನಿಂತರು. ಕಂಪನಿ ವಕೀಲರು ಹಿರಿಯರು, ಬೆನ್ನಿನ ಕೇಸುಗಳಲ್ಲಿ ಪಳಗಿದವರು. ಕೊನೆಯಲ್ಲಿ ಅದನ್ನೇ ಹಿಡಿದರು.

"ಸಾಹೇಬರು ಕುರ್ಚಿ ಕೊಟ್ಟರೂ ಬೇಡ ಅಂದ್ರಿ, ಅಲ್ವಾ?"

"ಹೌದು ಸಾರ್."

"ಇಷ್ಟು ಹೊತ್ತೂ ನಿಂತೇ ಉತ್ತರ ಹೇಳಿದ್ದೀರಿ."

"ಹೌದು ಸಾರ್."

"ಹಾಗಾದ್ರೆ ನಿಮ್ಮ ಬೆನ್ನಿಗೆ ಏನೂ ಆಗಿಲ್ಲ ಅಂತಾಯ್ತು."

ಭಟ್ಟರು ಸುಮ್ಮನಾಗಿಬಿಟ್ಟರು. ಸ್ಟೆನೋ ಕೂಡ ಟೈಪ್ ನಿಲ್ಲಿಸಿ ಅವರ ಮುಖ ನೋಡಿದರು. ನಾನು ಎದ್ದು ಏನಾದರೂ ಅಂದರೆ ಸಾಕ್ಷಿಗೆ ಹೇಳಿಕೊಟ್ಟ ಹಾಗಾಗುತ್ತೆ. ಸುಮ್ಮನೆ ಕೂತರೆ ಮೌನ ಒಪ್ಪಿಗೆಯಾಗುತ್ತೆ. ಅಷ್ಟರಲ್ಲಿ ಸಾಹೇಬರೇ ಕನ್ನಡಕದ ಮೇಲಿನಿಂದ ನೋಡಿ, "ಯಾಕ್ರೀ ಕೂತ್ಕೊಳ್ಳಲಿಲ್ಲ?" ಅಂದರು.

"ಕೂತ್ರೆ ಏಳಕ್ಕಾಗಲ್ಲ ಸ್ವಾಮಿ. ಯಾರದಾದ್ರೂ ಕೈ ಹಿಡ್ಕೋಬೇಕು. ನಿಂತಿದ್ರೆ ಹೆಂಗೋ ತಡ್ಕೋಬಹುದು."

ಸಾಹೇಬರು ಅದನ್ನು ಹಾಗೇ ಬರೆಸಿದರು. ಅದರ ಕೆಳಗೆ, ಎದುರು ವಕೀಲರ ಮಾತನ್ನು ಸಾಕ್ಷಿ ಒಪ್ಪದಿದ್ದಾಗ ಬರೆಸುವ ಮಾಮೂಲಿ ಸಾಲು: ನನ್ನ ಬೆನ್ನಿಗೆ ಯಾವುದೇ ಪೆಟ್ಟಾಗಿಲ್ಲ ಎಂದರೆ ಸರಿಯಲ್ಲ.

ಡಾಕ್ಟರ್ ಸಾಕ್ಷಿಯ ದಿನ ಇದಕ್ಕಿಂತ ಬಿಗಿಯಾಗಿತ್ತು. ಎಂಆರ್‌ಐ ಇದೆಯಲ್ಲ, ಎಲ್‌4-ಎಲ್‌5 ಡಿಸ್ಕ್ ಬಲ್ಜ್ (ಸೊಂಟದ ಮೂಳೆಗಳ ನಡುವಿನ ಮೆತ್ತೆ ಉಬ್ಬಿರೋದು) ಸ್ಪಷ್ಟವಾಗಿದೆಯಲ್ಲ, ಅದೊಂದೇ ಕೇಸು ಎತ್ತಿಬಿಡುತ್ತೆ ಅಂತ ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕ ಉಲ್ಟಾ ಹೊಡೆಯಿತು. ಎಂಆರ್‌ಐ ಮಾಡಿಸಿದ್ದು ಅಪಘಾತವಾಗಿ ನಾಲ್ಕು ತಿಂಗಳ ಮೇಲೆ. ನಡುವೆ ಭಟ್ಟರು ನಾಟಿ ವೈದ್ಯರ ಹತ್ತಿರ ಎಣ್ಣೆ ಹಾಕಿ ಉಜ್ಜಿಸಿಕೊಂಡು ಓಡಾಡಿದ್ದರು. ಅದಕ್ಕೆ ಚೀಟಿ ಎಲ್ಲಿಂದ ಬರಬೇಕು? ಸಾಕ್ಷಿ ಹೇಳಲು ಬಂದ ಆರ್ಥೋಪೆಡಿಕ್ ಡಾಕ್ಟರೂ ಚಿಕಿತ್ಸೆ ಕೊಟ್ಟವರಲ್ಲ. ಒಮ್ಮೆ ಪರೀಕ್ಷೆ ಮಾಡಿ ಬೆನ್ನಿಗೆ ಶೇಕಡಾ 20 ಊನ ಅಂತ ಬರೆದುಕೊಟ್ಟವರು.

"ಡಿಸ್ಕ್ ಬಲ್ಜ್ ವಯಸ್ಸಿನಿಂದಲೂ ಬರುತ್ತೆ ಅಲ್ವಾ ಡಾಕ್ಟ್ರೇ?" "ಬರಬಹುದು." "ನಲವತ್ತು ದಾಟಿದವರಲ್ಲಿ ನೋವೇ ಇಲ್ಲದವರಿಗೂ ಇರುತ್ತೆ?" "ಇರುತ್ತೆ." "ಇದು ಅಪಘಾತದಿಂದಲೇ ಆಯ್ತು ಅಂತ ಫಿಲ್ಮ್ ನೋಡಿ ಹೇಳೋಕಾಗುತ್ತಾ?" "ಖಚಿತವಾಗಿ ಆಗಲ್ಲ."

ಡಾಕ್ಟರು ಹೇಳಿದ್ದರಲ್ಲಿ ಸುಳ್ಳಿಲ್ಲ. ವೈದ್ಯಶಾಸ್ತ್ರದಲ್ಲಿ ಇರೋದೇ ಹಾಗೆ. ರಾಜ್‌ಕುಮಾರ್ ವರ್ಸಸ್ ಅಜಯ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಎಚ್ಚರಿಸಿದೆ: ಚಿಕಿತ್ಸೆ ಕೊಡದ ಡಾಕ್ಟರಿಂದ ಬರುವ ಸಿದ್ಧ ಸರ್ಟಿಫಿಕೇಟನ್ನು ಹಾಗೇ ನಂಬಬೇಡಿ ಅಂತ. ಕಂಪನಿ ವಕೀಲರ ಕೈಯಲ್ಲಿ ಆ ತೀರ್ಪಿನ ಪ್ರತಿ ಇತ್ತು.

ಆಗ ನಮ್ಮ ಜೂನಿಯರ್ ಒಂದು ಹಾಳೆ ನನ್ನ ಮುಂದೆ ತಳ್ಳಿದಳು. ಅಪಘಾತದ ದಿನವೇ ಕ್ಯಾಶುಯಾಲ್ಟಿಯಲ್ಲಿ ತೆಗೆದ ಎಕ್ಸ್‌-ರೇ ರಿಪೋರ್ಟು. ಬಿಲ್ಲುಗಳ ನಡುವೆ ಪಿನ್ ಹೊಡೆದು ಸೇರಿಹೋಗಿತ್ತು. ಮೂಳೆ ಮುರಿದಿಲ್ಲ ಅನ್ನೋ ಸಾಲಿನ ಕೆಳಗೆ ಇನ್ನೊಂದು ಸಾಲು: ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಸಹಜ ಬಾಗು ಕಡಿಮೆಯಾಗಿದೆ. ನಮ್ಮ ಸಾಕ್ಷಿಯನ್ನು ನಾವೇ ಮತ್ತೆ ಪ್ರಶ್ನಿಸುವ ರೀ-ಎಕ್ಸಾಮಿನೇಷನ್‌ಗೆ ಅನುಮತಿ ಕೇಳಿ, ಇದರ ಅರ್ಥ ಏನು ಅಂತ ಡಾಕ್ಟರನ್ನೇ ಕೇಳಿದೆ. ಸ್ನಾಯು ಬಿಗಿದು ಸೆಳೆದುಕೊಂಡಾಗ ಹೀಗೆ ಕಾಣುತ್ತೆ ಅಂದರು. ಮಲಗಿಸಿದ ರೀತಿಯಿಂದಲೂ ಕಾಣಬಹುದು ಅಂತ ಎದುರಿನವರು ಒಪ್ಪಿಸಿಕೊಂಡರು. ಇರಲಿ. ಅದೇ ದಿನದ ಕಾಗದದಲ್ಲಿ ಬೆನ್ನಿನ ಮಾತು ಇತ್ತು, ನಮಗೆ ಅದು ಬೇಕಿತ್ತು.

ನಿಜವಾಗಿ ಕೈ ಹಿಡಿದದ್ದು ಅಡುಗೆ ಕಂಟ್ರಾಕ್ಟರರ ಲೆಕ್ಕದ ಪುಸ್ತಕ. ಅವರನ್ನು ಪಿಡಬ್ಲ್ಯೂ-3, ಅಂದರೆ ನಮ್ಮ ಕಡೆಯ ಮೂರನೇ ಸಾಕ್ಷಿ ಅಂತ ಕರೆಸಿದೆವು. ಎಣ್ಣೆ ಕಲೆಯಾದ ಉದ್ದನೆ ನೋಟ್‌ಬುಕ್. ಅಪಘಾತಕ್ಕೆ ಮೊದಲು ಭಟ್ಟರ ಹೆಸರು ಒಲೆ ಕೆಲಸದವರ ಸಾಲಿನಲ್ಲಿತ್ತು. ಆಮೇಲೆ ಕೆಲವು ತಿಂಗಳು ಹೆಸರೇ ಇಲ್ಲ. ಮತ್ತೆ ಬಂದಾಗ ತರಕಾರಿ ಹೆಚ್ಚುವವರ ಸಾಲಿನಲ್ಲಿ, ಹೆಚ್ಚುಕಡಿಮೆ ಅರ್ಧ ಕೂಲಿಗೆ. "ಯಾಕೆ?" ಅಂದಾಗ ಕಂಟ್ರಾಕ್ಟರರು, "ಅನ್ನ ಬಸಿಯುವಾಗ ಇಬ್ಬರು ಹಿಡಿದು ತಪ್ಪಲೆ ಬಗ್ಗಿಸಬೇಕು. ಇವರು ಒಂದು ಕಡೆ ಹಿಡಿದರೆ ಇನ್ನೊಂದು ಕಡೆಯವನ ಮೇಲೆ ಗಂಜಿ ಬೀಳುತ್ತೆ" ಅಂದರು. ಶೇಕಡಾವಾರು ಲೆಕ್ಕದಲ್ಲಿ ಸಿಗದ್ದು ಆ ಮಾತಿನಲ್ಲಿತ್ತು. ರಾಜ್‌ಕುಮಾರ್ ತೀರ್ಪಿನ ಇನ್ನೊಂದು ಅರ್ಧ ಇದೇ ತಾನೆ? ಎಡಗೈ ಹೋದರೆ ಬಡಗಿಯ ದುಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತರ ನೌಕರಿ ಉಳಿಯಬಹುದು. ನೋಡಬೇಕಾದ್ದು ದೇಹದ ಶೇಕಡಾ ಅಲ್ಲ, ದುಡಿಮೆಯ ಶೇಕಡಾ.

ಹೀಗಿದ್ದೂ ಟ್ರಿಬ್ಯೂನಲ್ (ಈ ಕೇಸು ಕೇಳಿದ ಕೋರ್ಟು) ದುಡಿಮೆಯ ನಷ್ಟ ಅಂತ ಹಿಡಿದದ್ದು ಶೇಕಡಾ 8. ಕೈಕಾಲಿನ ಕೇಸಿನಲ್ಲಿ ಡಾಕ್ಟರು ಹೇಳಿದ ಶೇಕಡಾದ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುವ ರೂಢಿಯ ನೆರಳು ಬೆನ್ನಿನ ಮೇಲೂ ಬೀಳುತ್ತೆ. ತಿಂಗಳಿಗೆ 15,000 ಆದಾಯ, ಮಲ್ಟಿಪ್ಲೈಯರ್ (ವಯಸ್ಸು ನೋಡಿ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 14. ಆ ಬಾಬ್ತಿಗೆ 2,01,600 ರೂಪಾಯಿ. ಶೇಕಡಾ 20 ಹಿಡಿದಿದ್ದರೆ 5,04,000 ಆಗುತ್ತಿತ್ತು. ಅರ್ಧ ಕೂಲಿಗೆ ಇಳಿದವರ ನಷ್ಟ ಶೇಕಡಾ 8 ಹೇಗಾಗುತ್ತೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಬೆನ್ನುನೋವು ಅಂತ ಯಾರೇ ಬಂದರೂ ಮೊದಲು ಓಪಿಡಿ ಚೀಟಿ ಕೇಳುತ್ತೇವೆ. ನಾಟಿ ಔಷಧ ಮಾಡಿ, ಬೇಡ ಅನ್ನಲ್ಲ. ಆದರೆ ನೋವು ಇರುವಷ್ಟು ದಿನ ಸರ್ಕಾರಿ ಆಸ್ಪತ್ರೆಗೂ ಹೋಗಿ ಬರೆಸಿಕೊಳ್ಳಿ, ಫಿಸಿಯೋಥೆರಪಿ ಕಾರ್ಡ್ ಎಸೀಬೇಡಿ ಅಂತೀವಿ. ಆಸ್ಪತ್ರೆಯ ಕೇಸ್ ಶೀಟನ್ನು ಕೋರ್ಟಿನಿಂದ ಸಮನ್ಸ್ ಮಾಡಿಸಿ ತರಿಸುತ್ತೇವೆ. ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕಾಡಿ ಬೇಡಿ ಕರೆಸುತ್ತೇವೆ. ವಾಸಿಯಾಗುತ್ತೇನೋ ನೋಡೋಣ ಅಂತ ಕಾಯುವವರಿಗೆ ಇನ್ನೊಂದು ಮಾತು: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಬೆನ್ನಿನವರೇ ಇದರಲ್ಲಿ ಜಾಸ್ತಿ ಸಿಕ್ಕಿಹಾಕಿಕೊಳ್ಳೋದು.

ಭಟ್ಟರ ಶೇಕಡಾ 8ರ ಮೇಲೆ ಹೈಕೋರ್ಟಿಗೆ ಎಂಎಫ್‌ಎ (ಮೇಲ್ಮನವಿ) ಹಾಕಿದ್ದೇವೆ. ಲೆಕ್ಕದ ಪುಸ್ತಕದ ಆ ಪುಟಗಳನ್ನೇ ಮುಖ್ಯ ಆಧಾರ ಮಾಡಿಕೊಂಡಿದ್ದೇವೆ. ಕಂಪನಿಗೆ ನೋಟಿಸ್ ಹೋಗಿದೆ.