ಕುಮಟಾ ನೋಡೋಕೆ ಒಂದು ದಿನ ಸಾಕಾ?

ಬೆಂಗಳೂರಿನಿಂದ ಯಾರೇ ಫೋನ್ ಮಾಡಿದರೂ ಇದೇ ಪ್ರಶ್ನೆ. "ಗೋಕರ್ಣಕ್ಕೆ ಬರ್ತಿದ್ದೇವೆ, ಹಾಗೇ ನಿಮ್ಮ ಕುಮಟಾಕ್ಕೂ ಬರೋಣ ಅಂತ. ಒಂದು ದಿನ ಸಾಕಲ್ವಾ?"

ಬೀಚು, ಮಿರ್ಜಾನ್ ಕೋಟೆ, ಮಧ್ಯಾಹ್ನ ಬಂಗಡೆ ಊಟ, ಇಷ್ಟಕ್ಕಾದರೆ ಧಾರಾಳ ಸಾಕು. ಆದರೆ ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಉಳಿಯಿರಿ. ಅಘನಾಶಿನಿ ಹೊಳೆಯನ್ನು ಭರತದಲ್ಲೂ ನೋಡಬೇಕು, ಇಳಿತದಲ್ಲೂ ನೋಡಬೇಕು.

ಭರತದ ಹೊತ್ತಿಗೆ ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ. ಹೊಳೆಯೋ ಸಮುದ್ರವೋ ಗೊತ್ತಾಗದಷ್ಟು ನೀರು. ಆರು ಗಂಟೆ ಬಿಟ್ಟು ಮತ್ತೆ ಬನ್ನಿ. ಅಷ್ಟು ನೀರೂ ಸರಿದು, ನಡುವೆ ಕೆಸರು ಮರಳಿನ ದಿಬ್ಬ ಎದ್ದಿರುತ್ತದೆ. ಹೆಂಗಸರು ಸೀರೆ ಎತ್ತಿ ಕಟ್ಟಿ, ಬಗ್ಗಿ ಬಳಚು ಅನ್ನೋ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ನೀರು ಕದಡಿರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳೇ ಹುಡುಕಬೇಕು. ಮರಳೊಳಗೆ ಕೈ ಹಾಕಿ ಒಮ್ಮೆ ಗೀರಿದರೆ ನಾಲ್ಕೈದು ಚಿಪ್ಪು ಕೈಗೆ ಬರುತ್ತವೆ. ಸಣ್ಣದು ಸಿಕ್ಕರೆ ಅಲ್ಲೇ ಬಿಡುವವರನ್ನೂ ನೋಡಿದ್ದೇನೆ. ನಾನೂ ಒಮ್ಮೆ ಇಳಿದಿದ್ದೆ. ಗಂಟೆಯಾದರೂ ನನ್ನ ಬುಟ್ಟಿಯ ತಳ ಮುಚ್ಚಿರಲಿಲ್ಲ. ಪಕ್ಕದಲ್ಲಿದ್ದ ಅಕ್ಕ ತನ್ನದರಿಂದ ಎರಡು ಬೊಗಸೆ ಸುರಿದು, "ನೀರು ಬಂತು ತಂಗಿ, ದಂಡೆಗೆ ಹೋಗು" ಅಂದರು. ಅವತ್ತು ರಾತ್ರಿ ತೆಂಗಿನಕಾಯಿ ಹಾಕಿ ಒಣ ಪಲ್ಯದ ಹಾಗೆ ಮಾಡಿದ ಆ ಬಳಚು ಸುಕ್ಕದ ರುಚಿ ಇನ್ನೂ ನೆನಪಿದೆ.

ಶಿರಸಿ ಕಡೆ ಹುಟ್ಟಿ ಕಡಲು ಸೇರುವ ತನಕ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರು, ಕಡಲಿನ ಉಪ್ಪುನೀರು ಇಲ್ಲಿ ದಿನಾ ಬೆರೆಯುತ್ತವೆ. ಬಳಚಿಗೆ ಬೇಕಾದದ್ದು ಅದೇ. ಗಜನಿ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯ, ಕಗ್ಗ ಅನ್ನೋ ಭತ್ತವೂ ಈ ಉಪ್ಪನ್ನು ತಡೆದುಕೊಂಡು ಬೆಳೆಯುತ್ತದೆ. ಅದರ ತೆನೆ ಮಾತ್ರ ಕೊಯ್ದು ದಂಟು ಹಾಗೇ ಬಿಡುತ್ತಾರೆ. ದಂಟು ಕೊಳೆತು ಸಿಗಡಿಗೆ, ಮೀನಿಗೆ ಆಹಾರವಾಗುತ್ತದೆ. ತದಡಿಗೆ ಒಮ್ಮೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಯೋಚನೆ ಇತ್ತು. ಜನ ಬೇಡ ಅಂದರು, ಬರಲಿಲ್ಲ. 2024ರಲ್ಲಿ ಹೊಳೆ ಕಡಲು ಸೇರುವ ಈ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆ ಸುದ್ದಿ ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಳಿತ ಎಷ್ಟೊತ್ತಿಗೆ ಅಂತ ದಂಡೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಜೂನ್, ಜುಲೈ ಬೇಡ. ಆಗ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಳೆಯೂ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಬನ್ನಿ. ಹೊಳೆಗೆ ಇಳಿಯುವುದಾದರೆ ಕಾಲಿಗೆ ಏನಾದರೂ ಹಾಕಿಕೊಳ್ಳಿ, ಕಲ್ವ ಅನ್ನೋ ಸಿಂಪಿಯ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.