ಕಿಟಕಿಯಲ್ಲಿರೋ ಕಲ್ಲು

ಹುನಗುಂದದ ಕಡೆಯಿಂದ ತಂದ ಕಲ್ಲೊಂದು ಬಾಗಲಕೋಟೆಯ ನಮ್ಮ ಮನೆ ಕಿಟಕಿಯಲ್ಲಿದೆ. ಅಂಗೈಯಷ್ಟೇ ಇದೆ, ಆದರೆ ಎತ್ತಿದರೆ ಕೈ ಜಗ್ಗುತ್ತದೆ. ಒಂದು ಪಟ್ಟಿ ಇಟ್ಟಿಗೆ ಕೆಂಪು, ಇನ್ನೊಂದು ಹೊಳೆಯುವ ಕಪ್ಪು. ಕೆಂಪು ಅಂದರೆ ಜಾಸ್ಪರ್, ಮರಳಲ್ಲಿರೋ ಸಿಲಿಕಾದಿಂದಲೇ ಆದ ಕಲ್ಲು; ಕಪ್ಪು ಅಂದರೆ ಕಬ್ಬಿಣದ ಅದಿರು. ಅವ್ವ ನೋಡಿ, "ಇಳಕಲ್ ಸೀರಿ ದಡಿ ಇದ್ದಂಗ ಐತಲ್ಲೋ" ಅಂದಳು.

ಸುಮ್ನೆ ಒಂದು ಟೈಲ್ಸ್ ತುಂಡಿನ ಹಿಂಬದಿಗೆ ಉಜ್ಜಿ ನೋಡಿದೆ. ಕಲ್ಲು ಕಪ್ಪು, ಬಿದ್ದ ಗೆರೆ ಕೆಂಪು! ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನ ಗುರುತೇ ಅದು. ಫ್ರಿಡ್ಜಿನ ಮೇಲಿದ್ದ ಮ್ಯಾಗ್ನೆಟ್ ಹಿಡಿದೆ. ಒಂದೇ ಒಂದು ಪಟ್ಟಿಗೆ ಮೆಲ್ಲಗೆ ಅಂಟಿತು. ಅಲ್ಲಿ ಮ್ಯಾಗ್ನೆಟೈಟ್ ಇದೆ, ಮ್ಯಾಗ್ನೆಟ್ಟಿಗೆ ಅಂಟೋ ಕಬ್ಬಿಣದ ಅದಿರು.

ಇದು 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂದರೂ ನಡೆಯುತ್ತೆ. ಕಬ್ಬಿಣ ನೀರಲ್ಲೇ ಕರಗಿಕೊಂಡಿತ್ತು. ಸೂಕ್ಷ್ಮಜೀವಿಗಳ ದೆಸೆಯಿಂದ ತುಕ್ಕಾಗಿ ತಳಕ್ಕೆ ಕೂತಿತು. ಅದರ ಮೇಲೆ ಸಿಲಿಕಾ, ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ನಮ್ಮ ಬಾದಾಮಿ ಬಂಡೆ ಇದರ ಮುಂದೆ ಕೂಸು.

ತುಕ್ಕು ಅಂದ ಕೂಡಲೇ ನೆನಪಾಯ್ತು. ಗೇಟಿಗೆ ಬಣ್ಣ ಹಚ್ಚು ಅಂತ ಅವ್ವ ದೀಪಾವಳಿಯಿಂದ ಬೈಯುತ್ತಿದ್ದಾಳೆ. ಕಲ್ಲು ತೋರಿಸಿ ಇಷ್ಟು ದಿನ ತಪ್ಪಿಸಿಕೊಂಡೆ. ಭಾನುವಾರ ಬ್ರಷ್ ಹಿಡಿಯಲೇಬೇಕು.